ಜೋಡಿ ಕಟ್ಟಿದವರು ಯಾರು?

ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಅವನ್ಗೆ ಜೋಡಿ ಕಟ್ತಿದ್ದೋರು ಯಾರ್ಲಾ?"

ಆಗ ನನ್ನ ಕೈಯಲ್ಲಿ ಫೋನಿತ್ತು. ಅದರಲ್ಲಿ ಜೋ ಕಾಲ್ಜಾಗಿಯ ಪಂದ್ಯ ಓಡುತ್ತಿತ್ತು. 46 ಪಂದ್ಯ ಆಡಿ, 46ನ್ನೂ ಗೆದ್ದು, ಒಂದನ್ನೂ ಸೋಲದೆ 2009ರ ಫೆಬ್ರವರಿಯಲ್ಲಿ ನಿವೃತ್ತಿ ಹೇಳಿದ ಬಾಕ್ಸರ್. ಇಷ್ಟು ಹೇಳಿದರೆ ದೊಡ್ಡಪ್ಪ ಬಾಯಿ ತುಂಬ ಹೊಗಳುತ್ತಾರೆ ಅಂದುಕೊಂಡಿದ್ದೆ. ಅವರು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಜೋಡಿಯ ಮಾತು ಕೇಳಿ, ಎಲೆಗೆ ಸುಣ್ಣ ಸವರುತ್ತಾ ಕೂತರು.

ಮೈಸೂರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ದಸರಾ ಕುಸ್ತಿಗೆ ಮುಂಚೆ ಪೈಲ್ವಾನರೆಲ್ಲ ಒಂದು ದಿನ ಸೇರುತ್ತಾರೆ. ತೂಕ ನೋಡಿ, ಮೈಕಟ್ಟು ನೋಡಿ, ಹಿಂದೆ ಯಾರ ಜೊತೆ ಹಿಡಿದಿದ್ದ ಅಂತ ವಿಚಾರಿಸಿ ಹಿರಿಯರು ಜೋಡಿ ಕಟ್ಟುತ್ತಾರೆ. ಎಲ್ಲರ ಕಣ್ಣೆದುರು ಆಗುವ ಕೆಲಸ ಅದು. ದೊಡ್ಡಪ್ಪ ಚಿಕ್ಕ ವಯಸ್ಸಿನಲ್ಲಿ ಕೆ.ಆರ್. ಮೊಹಲ್ಲಾದ ಗರಡಿಯಲ್ಲಿ ಸಾಮು ಮಾಡಿದವರು. ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ಕುಸ್ತಿ ಇದ್ದ ದಿನ ಈಗಲೂ ಮನೆಯಲ್ಲಿ ಕೂರುವುದಿಲ್ಲ. ಅವರ ಪ್ರಕಾರ ಕುಸ್ತಿ ಅರ್ಧ ಮುಗಿಯುವುದು ಅಖಾಡಕ್ಕೆ ಇಳಿಯುವ ಮೊದಲೇ, ಜೋಡಿ ಕಟ್ಟುವಾಗಲೇ.

ನಾನು ಇರುವುದು ಬ್ರಿಟನ್ನಿನ ವೇಲ್ಸ್‌ನಲ್ಲಿ, ನ್ಯೂಪೋರ್ಟ್ ಅನ್ನುವ ಊರಲ್ಲಿ. ಎಂಟು ವರ್ಷವಾಯಿತು. ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೆಲಸ. ನನ್ನ ಪಕ್ಕ ಕೂರುವ ಹಿರಿಯರೊಬ್ಬರು ನ್ಯೂಬ್ರಿಜ್‌ನವರು. ನ್ಯೂಪೋರ್ಟ್‌ನಿಂದ ಎಬ್ಬು ಕಣಿವೆಯ ರೈಲು ಹತ್ತಿದರೆ ಸಿಗುವ ಪುಟ್ಟ ಊರು. ಎರಡೂ ಕಡೆ ಹಸಿರು ಗುಡ್ಡ, ನಡುವೆ ಸಾಲು ಮನೆಗಳು. ಒಂದು ಕಾಲಕ್ಕೆ ಅಲ್ಲಿಯ ಗಂಡಸರೆಲ್ಲ ಕಲ್ಲಿದ್ದಲು ಗಣಿಗೆ ಹೋಗುತ್ತಿದ್ದರು. ಈ ಹಿರಿಯರ ತಂದೆಯೂ ಹಾಗೇ. 1980ರ ದಶಕದಲ್ಲಿ ಆ ಕಡೆಯ ಗಣಿಗಳು ಒಂದೊಂದಾಗಿ ಮುಚ್ಚಿದವು. ಕಾಲ್ಜಾಗಿ ಹುಟ್ಟಿದ್ದು ಲಂಡನ್ನಿನಲ್ಲಾದರೂ ಬೆಳೆದದ್ದು ಇದೇ ಊರಲ್ಲಿ.

ಆ ಸೀಮೆಯಲ್ಲಿ ಬಾಕ್ಸಿಂಗ್ ಅಂದರೆ ನಮ್ಮ ಕಡೆಯ ಕುಸ್ತಿ ಇದ್ದ ಹಾಗೆ. ನೂರು ವರ್ಷದ ಹಿಂದೆ ಜಿಮ್ಮಿ ವೈಲ್ಡ್ ಅನ್ನುವ ಸಣಕಲು ದೇಹದ ಹುಡುಗ ಗಣಿಯಿಂದ ಬಂದು ಫ್ಲೈವೇಟ್ ಅನ್ನುವ ತೀರ ಹಗುರ ತೂಕದ ವಿಭಾಗದಲ್ಲಿ ಲೋಕಕ್ಕೇ ಚಾಂಪಿಯನ್ ಆಗಿದ್ದ. ಲ್ಯಾಬ್‌ನ ಹಿರಿಯರು ಅವನ ಹೆಸರು ಹೇಳುವಾಗ, ನಮ್ಮ ದೊಡ್ಡಪ್ಪ ಹಳೇ ಕಾಲದ ಪೈಲ್ವಾನ ಗಾಮನ ಹೆಸರು ಹೇಳಿದ ಹಾಗೇ ದನಿ ತಗ್ಗಿಸುತ್ತಾರೆ. ನನಗೆ ಅವರು ಹತ್ತಿರವಾದದ್ದೇ ಹೀಗೆ. ಹೊರಗೆ ಸುಮ್ನೆ ಹನಿಯುತ್ತಿರುವ ಮಳೆ, ಒಳಗೆ ಟೀ, ಕಾಲ್ಜಾಗಿಯ ಮಾತು. ಲಂಡನ್ನಿನ ಪತ್ರಿಕೆಗಳು ನಮ್ಮ ಹುಡುಗನಿಗೆ ಕೊಡಬೇಕಾದ ಮರ್ಯಾದೆ ಕೊಡಲಿಲ್ಲ ಅನ್ನುವ ನೋವು ಅವರಿಗೆ ಇವತ್ತಿಗೂ ಇದೆ. 2007ರಲ್ಲಿ ಬಿಬಿಸಿಯ ವರ್ಷದ ಕ್ರೀಡಾಪಟು ಪ್ರಶಸ್ತಿ ಜನರ ವೋಟಿನಿಂದ ಕಾಲ್ಜಾಗಿಗೆ ಬಂದಾಗ ಅವರು ಅತ್ತಿದ್ದರಂತೆ.

ಹೀಗೆ ಎಂಟು ವರ್ಷ ಕೇಳಿ ಕೇಳಿ ನಾನೂ 46-0 ಅನ್ನುವುದನ್ನು ಮಂತ್ರದ ಹಾಗೆ ಹೇಳುತ್ತಿದ್ದೆ. ಆ ಸೊನ್ನೆಯ ಮುಂದೆ ಬೇರೆ ಮಾತು ಬೇಕೇ ಇಲ್ಲ ಅನ್ನಿಸುತ್ತಿತ್ತು. ದಸರಾಕ್ಕೆ ಊರಿಗೆ ಬಂದು ಜಗುಲಿಯಲ್ಲಿ ಕೂತಾಗ ದೊಡ್ಡಪ್ಪ ಆ ಸೊನ್ನೆಯನ್ನೇ ಅಲ್ಲಾಡಿಸಿಬಿಟ್ಟರು.

ನಿಜ ಹೇಳಬೇಕಲ್ಲ. ಬಾಕ್ಸಿಂಗ್‌ನಲ್ಲಿ ಜೋಡಿ ಕಟ್ಟುವುದು ಪ್ರಮೋಟರ್‌ಗಳು, ಟೀವಿ ಚಾನೆಲ್‌ನವರು. ದುಡ್ಡು, ಊರು, ತಾರೀಖು ಎಲ್ಲ ಮುಚ್ಚಿದ ಬಾಗಿಲ ಹಿಂದೆ ಮಾತಾಗುತ್ತದೆ. ತನ್ನ ಹುಡುಗನ ಸೊನ್ನೆ ಕೆಡದ ಹಾಗೆ ನೋಡಿಕೊಳ್ಳುವುದೂ ಪ್ರಮೋಟರನ ಕಸುಬೇ. ಇದನ್ನು ಹೇಳಿದ ಕೂಡಲೇ ಚಿಕ್ಕಪ್ಪನ ಮಗ ನಡುವೆ ಬಾಯಿ ಹಾಕಿದ. ಅವನು ಅಮೆರಿಕದ ಬಾಕ್ಸರ್ ಮೇವೆದರ್‌ನ ಅಭಿಮಾನಿ. ಮೇವೆದರ್, ಅವನಿಗಿಂತ ಹಿಂದಿನ ಮಾರ್ಸಿಯಾನೋ ಇಬ್ಬರೂ ಸೋಲದೆ ನಿವೃತ್ತರಾದವರೇ. "ಅಣ್ಣ, 46 ಏನು ಮಹಾ? ಮಾರ್ಸಿಯಾನೋ 49, ನಮ್ಮ ಮೇವೆದರ್ 50" ಅಂದ. ಆ ಐವತ್ತನೆಯವನು ಯಾರು ಅಂತ ದೊಡ್ಡಪ್ಪ ಕೇಳಿದರು. 2017ರಲ್ಲಿ ಮೆಕ್‌ಗ್ರೆಗರ್, ಅದಕ್ಕೆ ಮೊದಲು ಒಂದೂ ವೃತ್ತಿಪರ ಬಾಕ್ಸಿಂಗ್ ಪಂದ್ಯ ಆಡದವನು ಅಂತ ನಾನು ಹೇಳಿದೆ. "ಹಂಗಾದ್ರೆ ಅದು ನಲವತ್ತೊಂಬತ್ತೇ ಕಣ್ಲಾ" ಅಂದರು. ಚಿಕ್ಕಪ್ಪನ ಮಗ ಅದನ್ನು ಇನ್ನೂ ಒಪ್ಪಿಲ್ಲ.

ಮಾರನೇ ದಿನ ನಾನು ಒಂದು ಮದುವೆ ಕಾರ್ಡಿನ ಹಿಂದೆ ಕಾಲ್ಜಾಗಿಯ ಮುಖ್ಯ ಪಂದ್ಯಗಳನ್ನು ಬರೆದೆ. ಎದುರಾಳಿಯ ಹೆಸರು, ವರ್ಷ, ಊರು. ದೊಡ್ಡಪ್ಪ ಪ್ರತಿ ಹೆಸರಿಗೂ ವಯಸ್ಸು ಕೇಳಿದರು, ಅದನ್ನೂ ಬರೆಸಿದರು.

1997ರ ಅಕ್ಟೋಬರ್, ಶೆಫೀಲ್ಡ್. ಕ್ರಿಸ್ ಯೂಬ್ಯಾಂಕ್‌ನನ್ನು ಮೊದಲ ರೌಂಡಿನಲ್ಲೇ ಕೆಡವಿ, ಕೊನೆಗೆ ಅಂಕದಲ್ಲಿ ಗೆದ್ದು, ಡಬ್ಲ್ಯುಬಿಒ ಅನ್ನುವ ಬಾಕ್ಸಿಂಗ್ ಸಂಸ್ಥೆಯ ಸೂಪರ್ ಮಿಡಲ್‌ವೇಟ್ ತೂಕದ ವಿಶ್ವ ಚಾಂಪಿಯನ್ ಬೆಲ್ಟ್ ತೆಗೆದುಕೊಂಡದ್ದು. ಆಮೇಲೆ ಆ ಬೆಲ್ಟನ್ನು 21 ಸಲ ಉಳಿಸಿಕೊಂಡ. ಕೇಳಲು ದೊಡ್ಡ ಸಂಖ್ಯೆ. ಆದರೆ ಹೆಸರುಗಳನ್ನು ಒಂದರ ಕೆಳಗೊಂದು ಬರೆದಾಗ ನನಗೇ ಅರ್ಥವಾಯಿತು. 1998ರಿಂದ 2005ರವರೆಗೆ ನಾಲಿಗೆಗೆ ತಟ್ಟನೆ ಬರುವ ಹೆಸರು ಕಡಿಮೆ. ಅದೇ ಕಾಲಕ್ಕೆ ಜರ್ಮನಿಯಲ್ಲಿ ಸ್ವೆನ್ ಒಟ್ಕೆ ಅನ್ನುವ ಇನ್ನೊಬ್ಬ ಚಾಂಪಿಯನ್ ಅದೇ ತೂಕದಲ್ಲಿ 21 ಸಲ ತನ್ನ ಬೆಲ್ಟ್ ಉಳಿಸಿಕೊಂಡ. ಅವನೂ ಸೋಲದೆಯೇ ನಿವೃತ್ತನಾದ. ಇಬ್ಬರೂ ಒಂದೇ ಒಂದು ಸಲ ಎದುರಾಗಲಿಲ್ಲ. ಈ ಮಾತು ಕೇಳಿ ದೊಡ್ಡಪ್ಪನಿಗೆ ನಿಜಕ್ಕೂ ಬೇಜಾರಾಯಿತು. "ಎರಡು ಕೇರಿ, ಎರಡು ಗರಡಿ, ಇಬ್ರೂ ಗೆದ್ದೋರೇ. ಹಿಡಿಸಬೇಕಿತ್ತು" ಅಂದರು.

ಆಮೇಲೆ 2006ರ ಮಾರ್ಚ್ ಬಂತು. ಮ್ಯಾಂಚೆಸ್ಟರ್, ಜೆಫ್ ಲೇಸಿ. ಅಮೆರಿಕದ ಹುಡುಗ, 21 ಪಂದ್ಯ ಗೆದ್ದಿದ್ದ, ಒಂದನ್ನೂ ಸೋತಿರಲಿಲ್ಲ, ಕಬ್ಬಿಣದಂಥ ಕೈ. ಕಾಲ್ಜಾಗಿಗೆ ಕೈ ನೋವು, ಪಂದ್ಯವನ್ನೇ ಬಿಡುವ ಮನಸ್ಸಾಗಿತ್ತು. ಬಿಡಬೇಡ ಅಂದವರು ತಂದೆ ಎಂಜೊ. ಅವರೇ ಅವನ ಕೋಚ್. ಸಾರ್ಡೀನಿಯಾ ದ್ವೀಪದಿಂದ ಬಂದ ಸಂಗೀತಗಾರ, ಬೇಸ್ ಗಿಟಾರ್ ನುಡಿಸುತ್ತಿದ್ದವರು, ಸ್ವತಃ ಬಾಕ್ಸರ್ ಅಲ್ಲ. ದೊಡ್ಡಪ್ಪನಿಗೆ ಈ ಭಾಗ ಎಷ್ಟು ಹಿಡಿಸಿತೆಂದರೆ ಎರಡು ಸಲ ಹೇಳಿಸಿದರು. ತಾನು ಅಖಾಡಕ್ಕಿಳಿಯದ ಉಸ್ತಾದನನ್ನು ಅವರು ಕಂಡಿಲ್ಲ. ಆ ರಾತ್ರಿ ಹನ್ನೆರಡು ರೌಂಡೂ ಏಕಪಕ್ಷೀಯ. ಏಟು ಮಳೆಯ ಹಾಗೆ ಬೀಳುತ್ತಿತ್ತು. ಲೇಸಿ ಆಮೇಲೆ ಮೊದಲಿನ ಲೇಸಿಯಾಗಲೇ ಇಲ್ಲ.

2007ರ ನವೆಂಬರ್, ಕಾರ್ಡಿಫ್. ಮಿಕೆಲ್ ಕೆಸ್ಲರ್. ಅವನೂ 39 ಪಂದ್ಯದಲ್ಲಿ ಸೋಲಿಲ್ಲದವನು. ಅಮೆರಿಕದ ಟೀವಿಗೆ ಹೊಂದಲಿ ಅಂತ ಪಂದ್ಯ ಶುರುವಾದದ್ದೇ ಮಧ್ಯರಾತ್ರಿ ದಾಟಿದ ಮೇಲೆ. ಕ್ರೀಡಾಂಗಣದಲ್ಲಿ 50 ಸಾವಿರ ಜನ. ನಮ್ಮ ಲ್ಯಾಬ್‌ನ ಹಿರಿಯರೂ ಅಲ್ಲಿದ್ದರು. ನನಗೆ ಕಾಲ್ಜಾಗಿಯ ಎಲ್ಲ ಪಂದ್ಯಗಳಲ್ಲಿ ಇದೇ ಜಾಸ್ತಿ ಇಷ್ಟ. ಮೊದಮೊದಲು ಕೆಸ್ಲರನ ಗುದ್ದು ಚೆನ್ನಾಗಿ ತಗಲುತ್ತಿತ್ತು. ಕಾಲ್ಜಾಗಿ ನಡುವೆ ಲಯ ಬದಲಿಸಿದ. ಕೈ ಇನ್ನೂ ಚುರುಕಾಯಿತು. ಎದುರಾಳಿಗೆ ಯೋಚಿಸಲು ಪುರಸೊತ್ತೇ ಕೊಡಲಿಲ್ಲ. ಬಡಿತವಲ್ಲ, ಬರೀ ತಟ್ಟುವುದು ಅಂತ ಅವನನ್ನು ಟೀಕಿಸುವವರಿದ್ದಾರೆ. ಕೈಯ ಮೂಳೆ ಮತ್ತೆ ಮತ್ತೆ ಏಟು ತಿಂದ ಮನುಷ್ಯ, ಬಲದ ಬದಲು ವೇಗವನ್ನು ಆರಿಸಿಕೊಂಡ. ಅದು ಕಲೆ ಅಲ್ವಾ?

ಇನ್ನು ಕೊನೆಯ ಎರಡು. 2008ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್, ಬರ್ನಾರ್ಡ್ ಹಾಪ್ಕಿನ್ಸ್. ನವೆಂಬರ್‌ನಲ್ಲಿ ನ್ಯೂಯಾರ್ಕ್, ರಾಯ್ ಜೋನ್ಸ್. ದೊಡ್ಡ ಹೆಸರುಗಳೇ. ವಯಸ್ಸು? ಹಾಪ್ಕಿನ್ಸ್‌ಗೆ 43, ಜೋನ್ಸ್‌ಗೆ 39. ದೊಡ್ಡಪ್ಪ ಜೋನ್ಸ್ ಹೆಸರಿನ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸಿದರು. ಜೋನ್ಸ್ ಅಷ್ಟರಲ್ಲಿ ಹಲವು ಸಲ ಸೋತು ಇಳಿದುಹೋಗಿದ್ದು ನಿಜ. ಹಾಪ್ಕಿನ್ಸ್ ವಿಷಯದಲ್ಲಿ ಮಾತ್ರ ನಾನು ಬಿಟ್ಟುಕೊಡಲಿಲ್ಲ. ಆ ಸೋಲಾದ ಆರು ತಿಂಗಳಿಗೆ ಅವನು ಆಗಿನ ವಿಶ್ವ ಚಾಂಪಿಯನ್ ಕೆಲ್ಲಿ ಪಾವ್ಲಿಕ್‌ನನ್ನು ಬಡಿದ. 2011ರಲ್ಲಿ, 46ನೇ ವಯಸ್ಸಿನಲ್ಲಿ, ಮತ್ತೆ ವಿಶ್ವ ಚಾಂಪಿಯನ್ ಆದ. ಅಂಥವನನ್ನು ಮುದುಕ ಅಂತ ತಳ್ಳಿಹಾಕುವುದು ಹೇಗೆ?

ಆಮೇಲೆ ಆ ಪಂದ್ಯದ ಮೊದಲ ರೌಂಡ್ ಹಾಕಿ ತೋರಿಸಿದೆ. ಹಾಪ್ಕಿನ್ಸ್‌ನ ಬಲಗೈ ಬಂತು, ಕಾಲ್ಜಾಗಿ ನೆಲಕ್ಕೆ ಬಿದ್ದ. ದೊಡ್ಡಪ್ಪ ಬೆನ್ನು ನೆಟ್ಟಗೆ ಮಾಡಿ ಕೂತರು. ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಕಥೆ ಮುಗಿಯಿತು. ಇಲ್ಲಿ ಹತ್ತು ಎಣಿಸುವಷ್ಟು ಹೊತ್ತು ಇದೆ, ಎದ್ದರೆ ಆಟ ಮುಂದುವರಿಯುತ್ತದೆ ಅಂದೆ. ಅವನು ಎದ್ದ. ಇನ್ನೂ ಹನ್ನೊಂದು ರೌಂಡ್ ಮುಂದೆ ಮುಂದೆ ನುಗ್ಗಿ, ಮೂವರು ತೀರ್ಪುಗಾರರಲ್ಲಿ ಇಬ್ಬರ ಲೆಕ್ಕದಲ್ಲಿ ಗೆದ್ದ. ಜೋನ್ಸ್ ಜೊತೆಯೂ ಮೊದಲ ರೌಂಡಿನಲ್ಲೇ ಬಿದ್ದಿದ್ದ, ಎದ್ದಿದ್ದ. 2003ರಲ್ಲಿ ಬೈರನ್ ಮಿಚೆಲ್ ಕೆಡವಿದಾಗ ಎದ್ದು ಅದೇ ರೌಂಡಿನಲ್ಲಿ ಅವನನ್ನೇ ಮುಗಿಸಿದ್ದ.

"ಇದ್ನ ಮೊದ್ಲೇ ಹೇಳೋದಲ್ವೇನ್ಲಾ?" ಅಂದರು ದೊಡ್ಡಪ್ಪ. "ಸೊನ್ನೆ ಸೊನ್ನೆ ಅಂತಿದ್ದೆ. ಬಿದ್ದೆದ್ದಿದ್ದು ಆ ಸೊನ್ನೇಲಿ ಎಲ್ ಕಾಣ್ತದೆ?"

ಅವತ್ತಿನಿಂದ ನನ್ನ ತಲೆಯಲ್ಲಿ ಈ ಮಾತೇ ಸುತ್ತುತ್ತಿದೆ. ನಾನು ಕಾಲ್ಜಾಗಿಯನ್ನು ಮೊದಲಿಗಿಂತ ಹೆಚ್ಚು ಮೆಚ್ಚುತ್ತೇನೆ. 46-0 ಅಂದುಬಿಟ್ಟರೆ ಎಂಟು ವರ್ಷದ ಸಪ್ಪೆ ಜೋಡಿಗಳೂ ಕೆಸ್ಲರ್ ರಾತ್ರಿಯೂ ಒಂದೇ ತಕ್ಕಡಿಗೆ ಬೀಳುತ್ತವೆ. ಅದು ಅವನಿಗೇ ಮಾಡುವ ಅನ್ಯಾಯ.

ಒಂದು ಕೊರಗು ಉಳಿಯಿತು. ಕಾರ್ಲ್ ಫ್ರಾಚ್. ಇಂಗ್ಲೆಂಡಿನವನೇ, ನನ್ನ ಜೊತೆ ಆಡು ಅಂತ ಕಾಲ್ಜಾಗಿಯನ್ನು ವರ್ಷಗಟ್ಟಲೆ ಕರೆದವನು. 2008ರ ಡಿಸೆಂಬರ್‌ನಲ್ಲಿ ಅವನು ಡಬ್ಲ್ಯುಬಿಸಿ ಅನ್ನುವ ಇನ್ನೊಂದು ಸಂಸ್ಥೆಯ ಚಾಂಪಿಯನ್ ಆದ. ಎರಡು ತಿಂಗಳಿಗೆ ಕಾಲ್ಜಾಗಿ ನಿವೃತ್ತನಾದ. ಫ್ರಾಚ್‌ನನ್ನು 2010ರಲ್ಲಿ ಕೆಸ್ಲರ್ ಸೋಲಿಸಿದ, ಆ ಕೆಸ್ಲರನನ್ನು ಕಾಲ್ಜಾಗಿ ಸೋಲಿಸಿದ್ದ ಅಂತ ನಾನು ವಾದ ಹೂಡಿದೆ. ಕುಸ್ತಿಯಲ್ಲಿ ಹಾಗೆಲ್ಲ ಕೂಡಿ ಕಳೆಯೋಕೆ ಆಗಲ್ಲ ಅಂತ ದೊಡ್ಡಪ್ಪ ಅಲ್ಲೇ ತಡೆದರು. 36 ದಾಟಿದ ದೇಹ, ಕೈಗಳು ಹಾಳು, ಮನೆಗೆ ಹೋಗುವ ಹಕ್ಕು ಅವನಿಗಿತ್ತು ಅಂತಲೂ ಅವರೇ ಹೇಳಿದರು.

ಕೊನೆಗೆ ಪೆನ್ನು ಈಸಿಕೊಂಡು ಮದುವೆ ಕಾರ್ಡಿನ ಮೇಲೆ, ಲೇಸಿಯ ಹೆಸರಿನ ತಲೆಯ ಮೇಲೆ, ಒಂದು ಗೆರೆ ಎಳೆದರು. "ಇಲ್ಲಿಂದ ಕೆಳ್ಗೆ ಓದು. ಇವ ಪೈಲ್ವಾನ."

ಆ ಕಾರ್ಡು ನನ್ನ ಜೊತೆ ನ್ಯೂಪೋರ್ಟ್‌ಗೆ ಬಂತು. ನಿನ್ನೆ ಟೀ ಹೊತ್ತಿಗೆ ಲ್ಯಾಬ್‌ನ ಹಿರಿಯರಿಗೆ ತೋರಿಸಿದೆ. ಹೆಸರುಗಳು ಕನ್ನಡದಲ್ಲಿದ್ದವು, ಒಂದೊಂದಾಗಿ ಓದಿ ಹೇಳಿದೆ. ಗೆರೆ ಯಾಕೆ ಅಂತ ವಿವರಿಸಿದೆ. ತುಂಬ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಅದೇ ಗೆರೆಯಿಂದ ಒಂದು ಬಾಣ ಎಳೆದು, ಯೂಬ್ಯಾಂಕ್ ಹೆಸರಿಗೆ ಸುತ್ತು ಹಾಕಿದರು. ಅವತ್ತು 25 ವರ್ಷದ ಹುಡುಗ ಯೂಬ್ಯಾಂಕ್‌ನಂಥ ಗಟ್ಟಿಗನ ಎದುರು ಹನ್ನೆರಡು ರೌಂಡೂ ನಿಂತನಲ್ಲ, ಅದನ್ನು ನಿಮ್ಮ ದೊಡ್ಡಪ್ಪ ನೋಡಿದ್ದಾರಾ ಅಂತ ಕೇಳಿದರು.

ನೋಡಿಲ್ಲ. ಫೋಟೋ ತೆಗೆದು ಮೈಸೂರಿಗೆ ಕಳಿಸಿದ್ದೇನೆ, ಜೊತೆಗೆ ಆ ಪಂದ್ಯವನ್ನೂ.