ಒಂದೇ ‘ನಿಲ್ಲು’, ಮೂರು ಪ್ರೊಸೆಸರ್: ಈ ವಾರ ಎಲ್ಲಿಗೆ ಬಂತು

ನನ್ನ ಸಣ್ಣ ಸಿ ಲೈಬ್ರರಿಗೆ ‘ನಿಲ್ಲು’ ಅಂತ ಒಂದು ಮ್ಯಾಕ್ರೋ (ಕೋಡಿನ ತುಣುಕಿಗೆ ಇಟ್ಟ ಚಿಕ್ಕ ಹೆಸರು) ಬರೆಯುತ್ತಿದ್ದೇನೆ. ಕೋಡಿನಲ್ಲಿ ಎಲ್ಲಿ ಹಾಕಿದೆನೋ ಅಲ್ಲೇ ಡೀಬಗರ್ (ಪ್ರೋಗ್ರಾಂ ತಡೆದು ಒಳಗೆ ನೋಡಿ ತಪ್ಪು ಹುಡುಕುವ ಸಾಧನ) ನಿಲ್ಲಬೇಕು, ಪ್ರೊಸೆಸರ್ ಯಾವುದೇ ಇರಲಿ.

ಇಂಟೆಲ್, ಎಎಂಡಿಗಳ ಎಕ್ಸ್86ನಲ್ಲಿ ಅರ್ಧ ಗಂಟೆಗೆ ಮುಗಿಯಿತು. ಅಲ್ಲಿ ಡೀಬಗರಿಗಾಗಿ ನಿಲ್ಲಿಸುವ ‘ಇಂಟ್ 3’ ಒಂದೇ ಬೈಟಿನ ಇನ್‌ಸ್ಟ್ರಕ್ಷನ್. ಅದು ಅಷ್ಟು ಚಿಕ್ಕದಾಗಿರುವುದು ಸುಮ್ನೆ ಅಲ್ಲ. ಅಲ್ಲಿ ಒಂದೇ ಬೈಟಿನ ಇನ್‌ಸ್ಟ್ರಕ್ಷನ್‌ಗಳೂ ಇವೆ. ಅವುಗಳ ಮೇಲೆ ಡೀಬಗರ್ ಬ್ರೇಕ್‌ಪಾಯಿಂಟ್ (ನಿಲ್ಲಬೇಕಾದ ಜಾಗದ ಗುರುತು) ಆಗಿ ‘ಇಂಟ್ 3’ ಕೂರಿಸಿದಾಗ ಪಕ್ಕದ್ದು ಅಳಿಸಿಹೋಗಬಾರದು ಅಲ್ವಾ?

ಎರಡು ಸಂಜೆ ತಿಂದದ್ದು 64 ಬಿಟ್ ಆರ್ಮ್. ಅಲ್ಲಿ ಅದೇ ಕೆಲಸ ಮಾಡುವ ‘ಬಿಆರ್‌ಕೆ’ ಹಾಕಿದೆ. ಸರಿಯಾದ ಸಾಲಿನಲ್ಲೇ ನಿಂತಿತು. ಖುಷಿಯಿಂದ ‘ಕಂಟಿನ್ಯೂ’ ಕೊಟ್ಟೆ. ಮತ್ತೆ ಅದೇ ಸಾಲು. ಇನ್ನೊಮ್ಮೆ ಕೊಟ್ಟೆ, ಮತ್ತೆ ಅದೇ. ಲೂಪ್ ಇರಬೇಕು ಅಂದುಕೊಂಡು ನನ್ನ ಕೋಡನ್ನೇ ಹುಡುಕುತ್ತಾ ಕೂತೆ. ಕೊನೆಗೆ ಪ್ರೋಗ್ರಾಂ ಕೌಂಟರ್ (ಮುಂದೆ ಓಡಬೇಕಾದ ಇನ್‌ಸ್ಟ್ರಕ್ಷನ್‌ನ ವಿಳಾಸ) ನೋಡಿದಾಗ ಗೊತ್ತಾಯಿತು. ಎಕ್ಸ್86ನಲ್ಲಿ ನಿಲ್ಲುವ ಹೊತ್ತಿಗೆ ಕೌಂಟರ್ ‘ಇಂಟ್ 3’ನ್ನು ದಾಟಿರುತ್ತದೆ. ಆರ್ಮ್‌ನಲ್ಲಿ ಅದು ‘ಬಿಆರ್‌ಕೆ’ ಮೇಲೇ ಇರುತ್ತದೆ. ನನ್ನ ಬೋರ್ಡಿನಲ್ಲಿದ್ದ ಹಳೆಯ ಡೀಬಗರ್ ತಾನಾಗಿ ದಾಟಿಸುತ್ತಿರಲಿಲ್ಲ. ‘ಬಿಆರ್‌ಕೆ’ 4 ಬೈಟ್ ಉದ್ದ, ಹಾಗಾಗಿ ಕೌಂಟರಿಗೆ ಕೈಯಾರೆ 4 ಕೂಡಿಸಿದೆ, ಪ್ರೋಗ್ರಾಂ ಮುಂದೆ ಓಡಿತು. ಆ ಕ್ಷಣಕ್ಕಾಗಿ ಎರಡು ಸಂಜೆ ಕೊಟ್ಟದ್ದಕ್ಕೆ ಬೇಸರವಿಲ್ಲ.

ಹಾಗಂತ ಎಲ್ಲ ಕಡೆ 4 ಕೂಡಿಸುವ ಹಾಗಿಲ್ಲ. ಮೂರನೆಯ ಪ್ರೊಸೆಸರ್ ರಿಸ್ಕ್-ಫೈವ್‌ನಲ್ಲಿ ನಿಲ್ಲಿಸುವ ‘ಇಬ್ರೇಕ್’ ಬರೆದರೆ, ಕಂಪ್ರೆಸ್ಡ್ (ಚಿಕ್ಕದಾಗಿಸಿದ) ಇನ್‌ಸ್ಟ್ರಕ್ಷನ್ ಆನ್ ಇದ್ದಾಗ ಅಸೆಂಬ್ಲರ್ ಅದನ್ನು 2 ಬೈಟಿಗೆ ಇಳಿಸುತ್ತದೆ. ಆಗ 4 ಕೂಡಿಸಿದರೆ ಮುಂದಿನ ಇನ್‌ಸ್ಟ್ರಕ್ಷನ್ನೇ ತಪ್ಪಿಹೋಗಬಹುದು. ಆ ಒಂದು ಸಾಲಿಗೆ ಮಾತ್ರ ಕಂಪ್ರೆಷನ್ ಆಫ್ ಮಾಡಿದ್ದೇನೆ. ಈಗ ಯಾವಾಗಲೂ 4 ಬೈಟ್.

ಇದಕ್ಕೆಲ್ಲ ಬದಲು ಜಿಸಿಸಿ ಕಂಪೈಲರ್‌ನಲ್ಲೇ ಇರುವ ಬಿಲ್ಟ್‌ಇನ್ ಟ್ರ್ಯಾಪ್ ಬಳಸೋಣವೆಂದರೆ, ಅದು ಬೇಡವೇ ಬೇಡ. ಅದರಾಚೆಗೆ ಕೋಡ್ ಓಡುವುದೇ ಇಲ್ಲ ಅಂತ ಕಂಪೈಲರ್ ನಂಬಿ, ಮುಂದಿನ ಸಾಲುಗಳನ್ನೇ ಕಿತ್ತುಹಾಕಬಹುದು. ಮೂರರಲ್ಲಿ ಯಾವುದೂ ಅಲ್ಲದ ಪ್ರೊಸೆಸರ್ ಆದರೆ, ಪ್ರೋಗ್ರಾಂ ತನಗೆ ತಾನೇ ಸಿಗ್‌ಟ್ರ್ಯಾಪ್ ಸಿಗ್ನಲ್ (ಡೀಬಗರ್ ಹಿಡಿಯುವ ‘ನಿಲ್ಲು’ ಸೂಚನೆ) ಕಳಿಸಿಕೊಳ್ಳುತ್ತದೆ. ಆಗ ಸಿ ಲೈಬ್ರರಿಯ ಹೊಟ್ಟೆಯೊಳಗೆ ನಿಲ್ಲುತ್ತೇವೆ. ನಮ್ಮ ಸಾಲು ನೋಡಲು ಕೆಲವು ಫ್ರೇಮ್ (ಒಂದನ್ನೊಂದು ಕರೆದ ಫಂಕ್ಷನ್‌ಗಳ ಮೆಟ್ಟಿಲು) ಮೇಲೆ ಹತ್ತಬೇಕು, ಆದರೂ ನಡೆಯುತ್ತದೆ.

ಉಳಿದಿರುವುದು ಡೀಬಗರ್ ಇಲ್ಲದೆ ಓಡಿಸಿದಾಗಿನ ಕಥೆ. ಲಿನಕ್ಸ್‌ನಲ್ಲಿ ಈಗ ಪ್ರೋಗ್ರಾಂ ಅಲ್ಲೇ ಸಾಯುತ್ತದೆ, ಶೆಲ್‌ನಲ್ಲಿ ಎಕ್ಸಿಟ್ ಕೋಡ್ 133 ಕಾಣುತ್ತದೆ: 128ಕ್ಕೆ ಸಿಗ್‌ಟ್ರ್ಯಾಪ್‌ನ ಸಂಖ್ಯೆ 5 ಸೇರಿಸಿ. ಪ್ರೊಕ್ ಫೈಲ್‌ಸಿಸ್ಟಂನ ಸ್ಟೇಟಸ್ ಫೈಲಿನಲ್ಲಿ ‘ಟ್ರೇಸರ್‌ಪಿಐಡಿ’ (ಹಿಡಿದಿರುವ ಡೀಬಗರಿನ ಸಂಖ್ಯೆ) ಸೊನ್ನೆ, ಅಂದರೆ ಡೀಬಗರ್ ಇಲ್ಲ, ಎಂದಿದ್ದರೆ ನಿಲ್ಲದೆ ಮುಂದೆ ಹೋಗುವಂತೆ ಬರೆಯಲು ಶುರು ಮಾಡಿದ್ದೇನೆ.