ಕ್ಯಾಪಿಟಲ್ ಅಂದರೆ ತಲೆ

ಮೊನ್ನೆ ಅಣ್ಣನ ಅಂಗಡಿ ಸಾಲಕ್ಕೆ ಬ್ಯಾಂಕಿನ ಅರ್ಜಿ ತುಂಬುತ್ತಿದ್ದೆ. ಮೇಲೆ 'ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಿರಿ' ಅಂತಿತ್ತು, ಕೆಳಗೆ 'ವರ್ಕಿಂಗ್ ಕ್ಯಾಪಿಟಲ್ ಎಷ್ಟು' ಅಂತ ಇನ್ನೊಂದು ಖಾನೆ, ಅಂದರೆ ದಿನದ ವ್ಯಾಪಾರ ನಡೆಸೋ ಬಂಡವಾಳ. ಪಕ್ಕದಲ್ಲಿದ್ದ ಅಣ್ಣನ ಮಗಳು ಕೇಳಿದಳು, "ಚಿಕ್ಕಪ್ಪ, ಕ್ಯಾಪಿಟಲ್ ಅಂದ್ರೆ ರಾಜಧಾನಿ ಅಲ್ವಾ?"

ಎಲ್ಲವೂ ಹೌದು. ಬೇರು ಒಂದೇ, ಲ್ಯಾಟಿನ್ನಿನ ಕಾಪುಟ್, ಅಂದರೆ ತಲೆ. ಸಾಲಿನ ತಲೆಯಲ್ಲಿ ನಿಲ್ಲುವ ಅಕ್ಷರ, ನಾಡಿಗೆ ತಲೆಯಾದ ಊರು, ತಲೆ ತೆಗೆಯುವ ಶಿಕ್ಷೆ. ಕಂಬದ ತಲೆಗೂ ಇದೇ ಹೆಸರು. ನಮ್ಮ ನಾಣ್ಯದ ಮೇಲಿರುವ ಸಾರನಾಥದ ಸಿಂಹಗಳಿಗೆ ಇಂಗ್ಲಿಷಿನಲ್ಲಿ ಲಯನ್ ಕ್ಯಾಪಿಟಲ್ ಅಂತಾರೆ.

ನನಗೆ ಜಾಸ್ತಿ ಹಿಡಿಸಿದ್ದು ದುಡ್ಡಿನ ಕಥೆ. ನಡುಗಾಲದ ಲ್ಯಾಟಿನ್ನಿನಲ್ಲಿ ಕಾಪಿಟಾಲೆ ಅಂದರೆ ಆಸ್ತಿ. ಅದೇ ಪದ ಫ್ರೆಂಚಿನ ದಾರಿಯಲ್ಲಿ ಸವೆದು ಇಂಗ್ಲಿಷಿಗೆ ಬಂದು 'ಕ್ಯಾಟಲ್' ಆಯ್ತು, ಮೊದಮೊದಲು ಎಲ್ಲ ಚರಾಸ್ತಿಗೂ ಹಾಗೇ ಅನ್ನುತ್ತಿದ್ದರು, ಆಮೇಲೆ ಬರೀ ದನಕರುಗಳ ಹೆಸರಾಗಿ ಉಳಿಯಿತು. ಬಂಡವಾಳವೂ ದನವೂ ಒಂದೇ ಬೇರಿನ ಕವಲು! ಇದನ್ನು ನಮ್ಮಜ್ಜಿಗೆ ಹೇಳಬೇಕಿತ್ತು. ಮನೇಲಿ ಏನೇನಿದೆ ಅಂತ ಯಾರಾದರೂ ಕೇಳಿದರೆ ಅವರು ಸೀದಾ ಕೊಟ್ಟಿಗೆ ಕಡೆ ಕೈ ತೋರಿಸುತ್ತಿದ್ದರು. ಎರಡು ಹಸು, ಒಂದು ಎಮ್ಮೆ.