ಕುಮಾರಪರ್ವತಕ್ಕೆ ಯಾವ ಜಿಪಿಎಸ್ ಒಯ್ಯಬೇಕು?

ನಾವು ದಾರಿ ತಪ್ಪಿದ್ದು ಕುಮಾರಪರ್ವತದ ತುದಿಯಲ್ಲಿ. ಅದೂ ಕೈಯಲ್ಲಿ ಜಿಪಿಎಸ್ ಯಂತ್ರ ಹಿಡಿದುಕೊಂಡೇ. ಸೆಲ್ ಮುಗಿದಿರಲಿಲ್ಲ, ಸಿಗ್ನಲ್ಲೂ ಚೆನ್ನಾಗಿಯೇ ಇತ್ತು. ಹಾಗಾದರೆ ಎಡವಟ್ಟಾಗಿದ್ದು ಎಲ್ಲಿ ಅಂತ ಹೇಳಿದರೆ, ಈ ಸೀಸನ್ನಿನಲ್ಲಿ ಹೊರಟವರಿಗೆ, ಒಂದು ಜಿಪಿಎಸ್ ಕೊಳ್ಳೋಣ ಅಂತಿರುವವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ದಾರಿಯ ವಿಷಯ. ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತಿದರೆ ಒಂದು ಕಡೆಗೆ ಸುಮಾರು 13 ಕಿ.ಮೀ. ತುದಿಯ ಎತ್ತರ 1712 ಮೀಟರ್. ಕುಕ್ಕೆ ಇರುವುದೋ ತೀರಾ ತಗ್ಗಿನಲ್ಲಿ, ಹಾಗಾಗಿ ಹೆಚ್ಚುಕಡಿಮೆ ಅಷ್ಟನ್ನೂ ಕಾಲಿನಲ್ಲೇ ಏರಬೇಕು. ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿಕೊಳ್ಳಿ. ಮಳೆಗಾಲದಲ್ಲಿ ಬಿಡುವುದಿಲ್ಲ. ತುದಿಯಲ್ಲಿ ಟೆಂಟ್ ಹಾಕುವ ಕಾಲವೂ ಮುಗಿಯಿತು. ಬೆಳಕಿರುವಾಗಲೇ ಇಳಿಯಬೇಕು, ಅಂದರೆ ದಾರಿ ಹುಡುಕುತ್ತಾ ಕಳೆಯಲು ಸಮಯ ಇಲ್ಲ.

ನಾವು ಹೋಗಿದ್ದು ಅಕ್ಟೋಬರ್ ಕೊನೆಯಲ್ಲಿ, ನಾಲ್ಕು ಜನ. ಜಿಪಿಎಸ್ಸನ್ನು ಕಾಡಿಗೆ ಕಾಲಿಟ್ಟ ಮೇಲೆ ಆನ್ ಮಾಡಿದ್ದು ನನ್ನ ಮೊದಲ ತಪ್ಪು. ತಿಂಗಳುಗಟ್ಟಲೆ ಬೀರುವಿನಲ್ಲಿದ್ದ ಯಂತ್ರಕ್ಕೆ ಯಾವ ಉಪಗ್ರಹ ಎಲ್ಲಿದೆ ಎಂಬ ಲೆಕ್ಕ ಹಳೆಯದಾಗಿರುತ್ತದೆ. ಆ ಲೆಕ್ಕ ಪೂರ್ತಿ ಹೊಸದಾಗಿ ಉಪಗ್ರಹದಿಂದಲೇ ಇಳಿಯಬೇಕು ಅಂದರೆ 12.5 ನಿಮಿಷ ಬೇಕು. ದಾರಿಯ ನಡುವೆ ಸಿಗುವ ಗಿರಿಗದ್ದೆವರೆಗೂ ದಟ್ಟ ಕಾಡು, ಎಲೆಗಳ ಸಂದಿಯಲ್ಲಿ ಅದಕ್ಕೆ ಆಕಾಶವೇ ಕಾಣುವುದಿಲ್ಲ. ನೀವು ಹಾಗೆ ಮಾಡಬೇಡಿ. ಲಾಡ್ಜಿನ ಎದುರು ಕಾಫಿ ಕುಡಿಯುವ ಹೊತ್ತಿಗೆ ಆನ್ ಮಾಡಿ ಬಯಲಲ್ಲಿ ಇಟ್ಟುಬಿಡಿ. ಹಳೆಯ ಟ್ರ್ಯಾಕನ್ನೂ, ಅಂದರೆ ಹಿಂದೆ ನಡೆದ ದಾರಿಯ ಗೆರೆಯನ್ನೂ, ಆಗಲೇ ಅಳಿಸಿ.

ಇನ್ನೊಂದು ವಿಷಯ. ಮರಗಳ ಕೆಳಗೆ ಸಿಗ್ನಲ್ ಅಲ್ಲಿ ಇಲ್ಲಿ ಬಡಿದು ಬರುವುದರಿಂದ ಟ್ರ್ಯಾಕ್ ಅಡ್ಡಾದಿಡ್ಡಿ ಬೀಳುತ್ತದೆ, ದೂರವೂ ಜಾಸ್ತಿ ತೋರಿಸುತ್ತದೆ. ಗಿರಿಗದ್ದೆಯಲ್ಲಿ ಚಾರಣಿಗರಿಗೆ ಊಟ ಸಿಗುವ ಭಟ್ಟರ ಮನೆ ಇನ್ನೂ ಎಷ್ಟು ದೂರ ಅಂತ ನಿಮಿಷಕ್ಕೊಮ್ಮೆ ನೋಡಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಅದರ ಬದಲು ಕಾಲ ಕಡೆ ನೋಡಿ, ಇಂಬಳ ಹತ್ತಿರುತ್ತದೆ.

ಗಿರಿಗದ್ದೆ ದಾಟಿದ ಮೇಲೆ ಬೋಳು ಹುಲ್ಲುಗಾವಲು. ಕಲ್ಲುಮಂಟಪ, ಆಮೇಲೆ ಶೇಷಪರ್ವತ, ಅಲ್ಲಿಂದ ಸ್ವಲ್ಪ ಇಳಿದು ಶೋಲಾ ಕಾಡು, ಬಂಡೆ ಹತ್ತಿದರೆ ತುದಿ. ಊಟ ಮಾಡಿ ಏಳುವಷ್ಟರಲ್ಲಿ ಮಂಜು ಮುಚ್ಚಿತು. ಹತ್ತು ಮಾರು ಆಚೆ ಏನೂ ಕಾಣದು. ತುದಿಯಿಂದ ಸೋಮವಾರಪೇಟೆ ಕಡೆಗೂ ಒಂದು ದಾರಿ ಇಳಿಯುತ್ತದೆ. ಕುಕ್ಕೆ ಇರುವುದು ಪಶ್ಚಿಮಕ್ಕೆ, ಆ ದಾರಿ ಹೋಗುವುದು ಅದರ ಎದುರು ದಿಕ್ಕಿಗೆ.

ಜಿಪಿಎಸ್ ತೆಗೆದೆ, ದಿಕ್ಸೂಚಿ ಪುಟಕ್ಕೆ ಹೋದೆ. ಬಾಣ ಒಂದು ಕಡೆ ತೋರಿಸಿತು. ನಡೆದೆವು. ಸ್ವಲ್ಪ ಹೊತ್ತಿಗೆ ಗೆಳೆಯ, "ಮಾರಾಯಾ, ಕುಕ್ಕೆಗೆ ದೂರ ಕಮ್ಮಿ ಆಗೋದು ಬಿಟ್ಟು ಜಾಸ್ತಿ ಆಗ್ತಿದೆಯಲ್ಲ" ಅಂದ. ನೋಡಿದರೆ ಬೆಳಿಗ್ಗೆ ಬಂದ ಟ್ರ್ಯಾಕ್ ಒಂದು ಕಡೆ, ನಾವು ಇನ್ನೊಂದು ಕಡೆ. ವಾಪಸ್ ಹತ್ತಿ, ಆ ಗೆರೆಯ ಮೇಲೆಯೇ ಹೆಜ್ಜೆ ಇಟ್ಟುಕೊಂಡು ಇಳಿದೆವು. ಮುಕ್ಕಾಲು ಗಂಟೆ ಹೋಯಿತು. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ತಲುಪಿದಾಗ ಹೆಡ್‌ಲ್ಯಾಂಪ್ ಹಚ್ಚುವ ಹೊತ್ತು.

ಯಂತ್ರ ಕೆಟ್ಟಿರಲಿಲ್ಲ. ಹಲವು ಅಗ್ಗದ ಮಾದರಿಗಳಲ್ಲಿ ಕಾಂತದ ದಿಕ್ಸೂಚಿ ಇರುವುದಿಲ್ಲ. ನೀವು ನಡೆಯುತ್ತಿರುವಾಗ ಮಾತ್ರ, ಹಿಂದಿನ ಜಾಗಕ್ಕೂ ಈಗಿನ ಜಾಗಕ್ಕೂ ತಾಳೆ ಹಾಕಿ ಅಂಥ ಯಂತ್ರ ದಿಕ್ಕು ಹೇಳುತ್ತದೆ. ನಿಂತಲ್ಲೇ ತಿರುಗಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ನಾನು ನಿಂತಲ್ಲೇ ನೋಡಿ ಬಾಣವನ್ನು ನಂಬಿದ್ದೆ. ಪೆಟ್ಟಿಗೆಯ ಜೊತೆ ಬಂದ ಪುಸ್ತಕ ಯಾರು ಓದುತ್ತಾರೆ, ಅಲ್ವಾ?

ಹಾಗಾಗಿ ಅಂಗಡಿಯಲ್ಲಿ ನಾನು ಮೊದಲು ಕೇಳುವ ಪ್ರಶ್ನೆ, ಇದರಲ್ಲಿ ಕಾಂತದ ದಿಕ್ಸೂಚಿ ಇದೆಯೇ ಅಂತ. ಉದಾಹರಣೆಗೆ ಗಾರ್ಮಿನ್ ಕಂಪನಿಯ ಈಟ್ರೆಕ್ಸ್ 22ಎಕ್ಸ್ ಮತ್ತು 32ಎಕ್ಸ್ ನೋಡಲು ಅವಳಿ ಇದ್ದಂತೆ. ನಿಂತಲ್ಲೇ ದಿಕ್ಕು ಹೇಳುವ ದಿಕ್ಸೂಚಿ, ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ವ್ಯವಸ್ಥೆ ಇರುವುದು 32ಎಕ್ಸ್‌ನಲ್ಲಿ ಮಾತ್ರ. ಮಂಜು ಬೀಳುವ ಬೆಟ್ಟಕ್ಕೆ ಆ ಹೆಚ್ಚಿನ ದುಡ್ಡು ದಂಡವಲ್ಲ. ಸೆಲ್ ಬದಲಿಸಿದಾಗಲೆಲ್ಲ ದಿಕ್ಸೂಚಿಯನ್ನು ಮತ್ತೆ ಸರಿಹೊಂದಿಸಿ. ಅಗ್ಗದ್ದೇ ಸಾಕು ಅನ್ನುವವರು ಮುಳ್ಳಿನ ಹಳೇ ದಿಕ್ಸೂಚಿ ಒಂದನ್ನು ಜೇಬಿಗೆ ಹಾಕಿಕೊಳ್ಳಿ. ನನ್ನದು ಮನೆಯ ಡ್ರಾದಲ್ಲಿ ಹಾಯಾಗಿ ಮಲಗಿತ್ತು.

22ಎಕ್ಸ್, 32ಎಕ್ಸ್ ಎರಡೂ ತಲಾ ಎರಡು ಎಎ ಪೆನ್ಸಿಲ್ ಸೆಲ್ ಮೇಲೆ ಓಡುತ್ತವೆ, ಕಂಪನಿಯ ಲೆಕ್ಕದಲ್ಲಿ 25 ಗಂಟೆ. ಚಾರ್ಜ್ ಮಾಡುವ ನಿಕಲ್ ಸೆಲ್ ಹಾಕಿದರೆ ಸೆಟ್ಟಿಂಗ್‌ನಲ್ಲಿ ಅದನ್ನು ಹೇಳಬೇಕು, ಇಲ್ಲದಿದ್ದರೆ ಸೆಲ್ ಎಷ್ಟು ಉಳಿದಿದೆ ಎಂಬುದನ್ನು ತಪ್ಪು ತೋರಿಸುತ್ತದೆ. ಟಚ್ ಪರದೆಗಿಂತ ಗುಂಡಿಗಳಿರುವುದೇ ನನಗಿಷ್ಟ. ಒದ್ದೆ ಬೆರಳಿಗೆ ಟಚ್ ಮಾತು ಕೇಳುವುದಿಲ್ಲ. ಜೊತೆಗೆ ಬರುವ ನಕ್ಷೆ ನಮ್ಮ ಕಾಡಿನ ಮಟ್ಟಿಗೆ ಖಾಲಿ ಹಾಳೆ. ಜನರೇ ಸೇರಿ ಮಾಡಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಉಚಿತ ನಕ್ಷೆಗಳನ್ನು ಮೆಮೊರಿ ಕಾರ್ಡಿಗೆ ಹಾಕಿಕೊಳ್ಳಬಹುದು.

ಮೊಬೈಲ್ ಸಾಲದೇ? ಕುಮಾರಪರ್ವತಕ್ಕೆ ಒಂದೇ ಸಲ ಹೋಗಿಬರುವವರಿಗೆ ಸಾಕು, ಇದಕ್ಕಾಗಿಯೇ ದುಡ್ಡು ಸುರಿಯಬೇಡಿ. ನೆಟ್‌ವರ್ಕ್ ಇಲ್ಲದಿದ್ದರೂ ಮೊಬೈಲಿನ ಜಿಪಿಎಸ್ ಕೆಲಸ ಮಾಡುತ್ತದೆ. ನಕ್ಷೆ ಮೊದಲೇ ಇಳಿಸಿಕೊಂಡಿರಬೇಕು, ಏರೋಪ್ಲೇನ್ ಮೋಡ್‌ನಲ್ಲಿಡಬೇಕು, ಪವರ್ ಬ್ಯಾಂಕ್ ಇರಬೇಕು, ಅಷ್ಟೇ. ತಿಂಗಳಿಗೊಂದು ಬೆಟ್ಟ ಹತ್ತುವವರು, ಮಳೆಯಲ್ಲಿ ಓಡಾಡುವವರು ಮಾತ್ರ ಪ್ರತ್ಯೇಕ ಜಿಪಿಎಸ್ ಯಂತ್ರದ ಬಗ್ಗೆ ಯೋಚಿಸಿ.

ಅಮೆರಿಕದಲ್ಲಿರುವ ತಮ್ಮನಿಗೋ ಭಾವನಿಗೋ ಹೇಳಿ ತರಿಸುವವರು ಒಂದು ನಿಮಿಷ ನಿಲ್ಲಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಇನ್‌ರೀಚ್‌ನಂಥ ಯಂತ್ರಗಳನ್ನು ಭಾರತದಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣಗಳಲ್ಲಿ ವಿದೇಶಿ ಪ್ರವಾಸಿಗರು ಇದೇ ಕಾರಣಕ್ಕೆ ಸಿಕ್ಕಿಬಿದ್ದಿದ್ದಾರೆ. ನೋಡಲು ಮಾಮೂಲಿ ಜಿಪಿಎಸ್‌ನಂತೆಯೇ ಇರುವ ಜಿಪಿಎಸ್‌ಮ್ಯಾಪ್ 66ಐ, 67ಐ ಒಳಗೂ ಇನ್‌ರೀಚ್ ಇದೆ. ಆರ್ಡರ್ ಮಾಡುವಾಗ ಅಂಕಿಯ ಹಿಂದಿರುವ ಆ 'ಐ' ಅಕ್ಷರವನ್ನು ಎರಡು ಸಲ ನೋಡಿಕೊಳ್ಳಿ.